ಪಕ್ಕದ ಸರ್ಕಾರಿ ಶಾಲೆ ಯಾರದು?



ನಮ್ಮ ಧರ್ಮಕೇಂದ್ರದಲ್ಲಿ ಎಷ್ಟು ಕುಟುಂಬಗಳಿವೆ ಎಂದು ಕೇಳಿದರೆ ಪಾಲನಾ ಪರಿಷತ್ತಿನ ಯಾವ ಸದಸ್ಯರಾದರೂ ತಟ್ಟನೆ ಹೇಳುತ್ತಾರೆ. ವಾರ್ಷಿಕ ಹಬ್ಬಕ್ಕೆ ಎಷ್ಟು ಖರ್ಚಾಯಿತು, ದೇವಾಲಯದ ಸೂರಿನ ದುರಸ್ತಿಗೆ ಎಷ್ಟು ಕೂಡಿತು ಎಂಬುದೂ ಬಾಯಿಪಾಠವಿರುತ್ತದೆ. ಆದರೆ ಅದೇ ಧರ್ಮಕೇಂದ್ರದ ಗಡಿಯೊಳಗೆ ಎಷ್ಟು ಸರ್ಕಾರಿ ಶಾಲೆಗಳಿವೆ, ಅಲ್ಲಿ ಎಷ್ಟು ಮಕ್ಕಳು ಓದುತ್ತಾರೆ, ಶಿಕ್ಷಕರು ಎಷ್ಟು ಮಂದಿ, ಶೌಚಾಲಯಕ್ಕೆ ನೀರು ಬರುತ್ತದೆಯೇ ಎಂದು ಕೇಳಿ ನೋಡಿ. ಒಬ್ಬರ ಮುಖವನ್ನು ಒಬ್ಬರು ನೋಡಿಕೊಳ್ಳುತ್ತೇವೆ. ಕೊನೆಗೆ, "ಅದು ಸರ್ಕಾರದ್ದಲ್ಲವೇ ಸ್ವಾಮಿ?" ಎಂಬ ಉತ್ತರ ಬರುತ್ತದೆ.

ಈ ಉತ್ತರದ ಬಗ್ಗೆಯೇ ಇಂದು ನಿಮ್ಮೊಡನೆ ಕುಳಿತು ಯೋಚಿಸಬೇಕೆಂದಿದ್ದೇನೆ. ನಮ್ಮ ಮಕ್ಕಳನ್ನು ಕಾನ್ವೆಂಟ್ ಶಾಲೆಗೋ ಖಾಸಗಿ ಶಾಲೆಗೋ ಕಳುಹಿಸುವ ನಾವು, ನಮ್ಮ ಮಕ್ಕಳು ಓದದ ಶಾಲೆಗೆ ಏನಾದರೂ ಸಲ್ಲಿಸಬೇಕಾದ್ದು ಇದೆಯೇ? ಅದು ಚೆನ್ನಾಗಿ ನಡೆಯದಿದ್ದರೆ ಅದು ಕೇವಲ ಇಲಾಖೆಯ ತಪ್ಪೇ, ಅಥವಾ ನಮ್ಮ ಆತ್ಮಸಾಕ್ಷಿಯನ್ನೂ ಅದು ಮುಟ್ಟಬೇಕೇ?

ತಂದೆತಾಯಿಯರ ಹಕ್ಕು

ಮೊದಲು ಒಂದು ಭಯವನ್ನು ನಿವಾರಿಸೋಣ. ಮಕ್ಕಳನ್ನು ಒಳ್ಳೆಯ ಶಾಲೆಗೆ ಸೇರಿಸುವುದು ಪಾಪವೇ ಎಂದು ಯಾರೂ ಕಳವಳಪಡಬೇಕಾಗಿಲ್ಲ. ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಯರೇ ಎಂಬುದು ಧರ್ಮಸಭೆಯ ಸ್ಪಷ್ಟ ಬೋಧನೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣವನ್ನು ಕುರಿತ ತನ್ನ ಘೋಷಣೆಯಲ್ಲಿ, ಶಾಲೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ತಂದೆತಾಯಿಯರಿಗೆ ನಿಜವಾಗಿಯೂ ಸಿಗಬೇಕು ಎಂದು ಒತ್ತಿ ಹೇಳಿತು. ನಮ್ಮ ನ್ಯಾಯಾಲಯಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿವೆ. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಕರ್ನಾಟಕದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2014ರ ಮೇ 6ರಂದು ತೀರ್ಪು ನೀಡಿತು.

ಹಾಗಾದರೆ ಮಾತು ಮುಗಿಯಿತಲ್ಲ ಎನ್ನಬಹುದು. ಇಲ್ಲ, ಮಾತು ಇಲ್ಲಿಂದಲೇ ಆರಂಭವಾಗುತ್ತದೆ. ಹಕ್ಕು ಎನ್ನುವುದು ನನಗೊಬ್ಬನಿಗೇ ಇದ್ದರೆ ಅದು ಹಕ್ಕಲ್ಲ, ಸವಲತ್ತು. ಆರಿಸಿಕೊಳ್ಳುವ ಹಕ್ಕು ತಂದೆತಾಯಿಯರಿಗೆ ಇದೆ ಎಂದರೆ ಎಲ್ಲ ತಂದೆತಾಯಿಯರಿಗೂ ಇದೆ ಎಂದೇ ಅರ್ಥ. ಕಾಫಿ ತೋಟದ ಲೈನ್ ಮನೆಯಲ್ಲಿರುವ ತಾಯಿಗೂ ಇದೆ. ಕಲ್ಬುರ್ಗಿ, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಬಿಡಾರ ಹೂಡಿರುವ ತಂದೆಗೂ ಇದೆ. ಆ ತಂದೆಯ ಕೈಯಲ್ಲಿ ಶುಲ್ಕಕ್ಕೆ ಹಣವಿಲ್ಲ. ಆತನಿಗೆ ಇರುವುದು ಒಂದೇ ಶಾಲೆ. ಆ ಒಂದೇ ಶಾಲೆ ಕೆಟ್ಟಿದ್ದರೆ ಆತನ ಹಕ್ಕು ಕಾಗದದ ಮೇಲಿನ ಅಕ್ಷರವಷ್ಟೇ. ನನ್ನ ಹಕ್ಕನ್ನು ಧರ್ಮಸಭೆಯ ಬೋಧನೆಯ ಬಲದಿಂದ ಸಮರ್ಥಿಸಿಕೊಳ್ಳುವ ನಾನು, ಅದೇ ಬೋಧನೆಯ ಬಲದಿಂದ ಆತನ ಹಕ್ಕನ್ನೂ ಸಮರ್ಥಿಸಲೇಬೇಕಾಗುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲಾಗದು.

ಇನ್ನೊಂದು ಮಾತು. "ನಮ್ಮ ಮಕ್ಕಳು ಓದದ ಶಾಲೆ" ಎಂದು ಮೇಲೆ ಬರೆದೆನಲ್ಲ, ಅದೂ ಪೂರ್ತಿ ನಿಜವಲ್ಲ. ತೋಟದ ಕೂಲಿ ಮಾಡುವ, ಮನೆಗೆಲಸ ಮಾಡುವ, ಆಟೋ ಓಡಿಸುವ ಎಷ್ಟೋ ಕಥೋಲಿಕ ಕುಟುಂಬಗಳ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದುತ್ತಿದ್ದಾರೆ. ಭಾನುವಾರ ಅವರು ನಮ್ಮ ಪಕ್ಕದ ಬೆಂಚಿನಲ್ಲೇ ಕುಳಿತು ಪೂಜೆಯಲ್ಲಿ ಭಾಗವಹಿಸುತ್ತಾರೆ. ಸೋಮವಾರ ಅವರು ಎಲ್ಲಿಗೆ ಹೋಗುತ್ತಾರೆಂದು ನಾವು ಕೇಳಿಲ್ಲ, ಅಷ್ಟೇ.

ಆ ಶಾಲೆ ನಡೆಯುವುದು ಹೇಗೆ?

ತಿಳಿಯದ್ದನ್ನು ಪ್ರೀತಿಸುವುದು ಕಷ್ಟ. ಆದುದರಿಂದ ಸರ್ಕಾರಿ ಶಾಲೆ ನಡೆಯುವ ಬಗೆಯನ್ನು ಸ್ವಲ್ಪ ತಿಳಿಯೋಣ. ಕರ್ನಾಟಕದಲ್ಲಿ 31 ಕಂದಾಯ ಜಿಲ್ಲೆಗಳಿದ್ದರೆ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ 35 ಶೈಕ್ಷಣಿಕ ಜಿಲ್ಲೆಗಳಿವೆ. ಶಿರಸಿ, ಚಿಕ್ಕೋಡಿ, ಮಧುಗಿರಿ ಇವು ಕಂದಾಯ ಜಿಲ್ಲೆಗಳಲ್ಲದಿದ್ದರೂ ಶೈಕ್ಷಣಿಕ ಜಿಲ್ಲೆಗಳು. ಪ್ರತಿ ಜಿಲ್ಲೆಗೆ ಒಬ್ಬ ಉಪನಿರ್ದೇಶಕರು, ಅವರ ಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಅವರ ಕೆಳಗೆ ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು, ಕೊನೆಗೆ ಮುಖ್ಯೋಪಾಧ್ಯಾಯರು. ಇದು ಮೇಲಿನಿಂದ ಕೆಳಗೆ ಇಳಿಯುವ ಏಣಿ.

ಆದರೆ ಕೆಳಗಿನಿಂದ ಮೇಲಕ್ಕೆ ಹತ್ತುವ ಒಂದು ಏಣಿಯೂ ಇದೆ. ಅದೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಹಿನ್ನೆಲೆಯಲ್ಲಿ, 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ ಈ ಸಮಿತಿಗಳು ಹುಟ್ಟಿದವು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಇಂಥ ಸಮಿತಿಗೆ ದೇಶದಾದ್ಯಂತ ಕಾನೂನಿನ ಆಧಾರ ಸಿಕ್ಕಿತು. ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ಪೋಷಕರಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಅವರ ಕೆಲಸ. ಗಾರೆ ಕೆಲಸದ ತಂದೆಯೂ ಹೂ ಮಾರುವ ತಾಯಿಯೂ ಮುಖ್ಯೋಪಾಧ್ಯಾಯರ ಎದುರು ಕುರ್ಚಿ ಹಾಕಿಕೊಂಡು ಕುಳಿತು ಲೆಕ್ಕ ಕೇಳಬಹುದು. ಇದು ಸಣ್ಣ ಸಂಗತಿಯಲ್ಲ.

1931ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್ ತಮ್ಮ ವಿಶ್ವಪತ್ರದಲ್ಲಿ ಒಂದು ತತ್ವವನ್ನು ಹೇಳಿದ್ದರು. ಕೆಳಗಿನ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ಮೇಲಿನ ಅಧಿಕಾರ ಕಸಿದುಕೊಳ್ಳಬಾರದು ಎಂಬುದೇ ಆ ತತ್ವ. ಗುರುಮಠದಲ್ಲಿ ನಾವು ಇದನ್ನು ಓದುವಾಗ ಸರ್ಕಾರದ ಅತಿಯಾದ ಹಿಡಿತದ ವಿರುದ್ಧದ ವಾದವೆಂದೇ ಸಾಮಾನ್ಯವಾಗಿ ಓದುತ್ತಿದ್ದೆವು. ಅದಕ್ಕೆ ಇನ್ನೊಂದು ಮುಖವೂ ಇದೆ. ಕೆಳಗಿನವರು ಮಾಡಬಲ್ಲ ಕೆಲಸವನ್ನು ಮಾಡದೆ ಮೇಲಕ್ಕೆ ತಳ್ಳುವುದೂ ಸರಿಯಲ್ಲ. "ಅದು ಸರ್ಕಾರದ್ದಲ್ಲವೇ" ಎನ್ನುವಾಗ ನಾವು ಮಾಡುತ್ತಿರುವುದು ಇದನ್ನೇ.

ಸರ್ಕಾರ ಏನೂ ಮಾಡಿಲ್ಲ ಎನ್ನುವುದು ಅನ್ಯಾಯದ ಮಾತಾದೀತು. ಮೈಸೂರು ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂದದ್ದು 1913ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರಿಂದಲೇ ಆರಂಭವಾದ ನಲಿ-ಕಲಿ ಪದ್ಧತಿ, ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಗಳ ಮಕ್ಕಳು ಅವರವರ ವೇಗಕ್ಕೆ ತಕ್ಕಂತೆ ಕಲಿಯುವ ದಾರಿ ತೋರಿಸಿತು. 2002ರಲ್ಲಿ ಬಿಸಿಯೂಟ ಬಂತು, 2013ರಲ್ಲಿ ಹಾಲು ಬಂತು, ಆಮೇಲೆ ಮೊಟ್ಟೆಯೂ ಬಂತು. ಹಸಿದ ಮಗುವಿನ ತಟ್ಟೆಗೆ ಅನ್ನ ಬಡಿಸುವ ಕೈ ಯಾವುದಾದರೂ ಅದು ಗೌರವಕ್ಕೆ ಅರ್ಹ.

ಅಂಕಗಳು ಹೇಳುವ ಮಾತು

ಆದರೂ ಕಲಿಕೆಯ ಮಾತು ಬಂದಾಗ ಎದೆ ಭಾರವಾಗುತ್ತದೆ. 2024ರ ಅಸರ್ ಸಮೀಕ್ಷೆಯ ಪ್ರಕಾರ, ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಶೇಕಡ 23.4 ಮಾತ್ರ. 2022ರಲ್ಲಿ ಇದು ಶೇಕಡ 16.3 ಇತ್ತು. ಸುಧಾರಣೆಯೇನೋ ಆಗಿದೆ. ಆದರೆ ನಾಲ್ವರಲ್ಲಿ ಮೂವರು ಮಕ್ಕಳು ಇನ್ನೂ ಹೊಸ್ತಿಲಾಚೆಯೇ ನಿಂತಿದ್ದಾರೆ.

ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ನೋಡಿ. 2025ರ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಶೇಕಡ 91.12, ಉಡುಪಿಗೆ 89.96; ಕೊನೆಯ ಸ್ಥಾನದಲ್ಲಿದ್ದ ಕಲಬುರಗಿಗೆ 42.43. ಇವು ಸರ್ಕಾರಿ, ಅನುದಾನಿತ, ಖಾಸಗಿ ಎಲ್ಲ ಶಾಲೆಗಳೂ ಸೇರಿದ ಅಂಕಿಗಳು. ಒಂದೇ ರಾಜ್ಯ, ಒಂದೇ ಪ್ರಶ್ನೆಪತ್ರಿಕೆ, ಆದರೆ ಫಲಿತಾಂಶದಲ್ಲಿ ಎರಡು ಪಾಲಿಗಿಂತ ಹೆಚ್ಚು ಅಂತರ. ಕರಾವಳಿಯ ಮಕ್ಕಳಿಗೆ ದೇವರು ಹೆಚ್ಚು ಬುದ್ಧಿ ಕೊಟ್ಟು ಕಲಬುರಗಿಯ ಮಕ್ಕಳಿಗೆ ಕಡಿಮೆ ಕೊಟ್ಟನೆಂದು ಹೇಳುವ ಧೈರ್ಯ ಯಾವ ವಿಶ್ವಾಸಿಗೂ ಇರಲಾರದು. ಅಂತರವಿರುವುದು ಮಕ್ಕಳಲ್ಲಲ್ಲ, ನಾವು ಅವರಿಗೆ ಕಟ್ಟಿಕೊಟ್ಟ ವ್ಯವಸ್ಥೆಯಲ್ಲಿ, ತಲೆಮಾರುಗಳಿಂದ ಕೂಡುತ್ತ ಬಂದ ಅನುಕೂಲದಲ್ಲಿ.

ಇನ್ನೊಂದು ಪಾಠವೂ ಇಲ್ಲಿದೆ. 2023ರಲ್ಲಿ ಇಡೀ ರಾಜ್ಯದ ಫಲಿತಾಂಶ ಶೇಕಡ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಾಯಿತು. ಆ ವರ್ಷ ಕೃಪಾಂಕವನ್ನು ಹೆಚ್ಚಿಸಿದರೂ ಫಲಿತಾಂಶ 73.40ಕ್ಕೆ ಇಳಿಯಿತು. ಪತ್ರಿಕೆಗಳು ಇದನ್ನು ಕುಸಿತವೆಂದು ಬರೆದವು. ನನಗೇನೋ ಅದು ಕುಸಿತಕ್ಕಿಂತ ಹೆಚ್ಚಾಗಿ ಪಾಪನಿವೇದನೆಯಂತೆ ಕಂಡಿತು. ಸುಳ್ಳಿನ ಎಂಬತ್ತಕ್ಕಿಂತ ಸತ್ಯದ ಎಪ್ಪತ್ತು ಮೇಲು. ರೋಗ ಎಲ್ಲಿದೆಯೆಂದು ತಿಳಿದ ಮೇಲೆಯೇ ಮದ್ದು. ಮಗುವಿಗೆ ನಕಲು ಚೀಟಿ ತಲುಪಿಸಿದವರು ಆ ಮಗುವಿಗೆ ದಯೆ ತೋರಿಸಿದೆವೆಂದು ತಿಳಿದುಕೊಂಡಿರಬಹುದು. ಆದರೆ ಅವರು ಮಾಡಿದ್ದು, ಹತ್ತು ವರ್ಷ ಅದಕ್ಕೆ ಏನೂ ಕಲಿಸಲಿಲ್ಲವೆಂಬ ಸಂಗತಿಯನ್ನು ಮುಚ್ಚಿಟ್ಟದ್ದು.

ಬಿಟ್ಟುಹೋದವರು, ಉಳಿದವರು

ಶಾಲೆಯೊಂದು ಕೆಡುವುದು ಹೇಗೆ? ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರ ತಮ್ಮ ಒಂದು ಪುಸ್ತಕದಲ್ಲಿ ಈ ಬಗ್ಗೆ ಆಳವಾಗಿ ಯೋಚಿಸಿದ್ದಾರೆ. ಒಂದು ಸಂಸ್ಥೆ ಹದಗೆಡುತ್ತಿರುವಾಗ ಅದರ ಜನರ ಮುಂದೆ ಎರಡು ದಾರಿಗಳಿರುತ್ತವೆ: ದನಿಯೆತ್ತುವುದು, ಇಲ್ಲವೇ ಬಿಟ್ಟುಹೋಗುವುದು. ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿ ಇರುವವರೇ ಮೊದಲು ಬಿಟ್ಟುಹೋಗುತ್ತಾರೆ. ಅವರೇ ದನಿಯೆತ್ತಬಲ್ಲವರೂ ಆಗಿದ್ದರು. ಅವರು ಹೋದ ಮೇಲೆ ಉಳಿಯುವವರು ಕೇಳಲಾರದವರು, ಕೇಳಿದರೂ ಯಾರೂ ಕಿವಿಗೊಡದವರು. ಸಾರ್ವಜನಿಕ ಶಾಲೆಗಳನ್ನೇ ಅವರು ಇದಕ್ಕೆ ಉದಾಹರಣೆಯಾಗಿ ಕೊಟ್ಟಿದ್ದರು.

ನಮ್ಮ ಊರುಗಳಲ್ಲಿ ಆಗಿರುವುದು ಇದೇ ಅಲ್ಲವೇ? ಒಂದು ಕಾಲದಲ್ಲಿ ಊರಿನ ಪಟೇಲರ ಮಗನೂ ಕೂಲಿಯವನ ಮಗನೂ ಒಂದೇ ಬೆಂಚಿನಲ್ಲಿ ಕುಳಿತಿದ್ದ ಶಾಲೆ ಅದು. ಆಗ ಮೇಷ್ಟ್ರು ಬರದಿದ್ದರೆ ಪಟೇಲರು ಕೇಳುತ್ತಿದ್ದರು. ಅದರ ಫಲ ಕೂಲಿಯವನ ಮಗನಿಗೂ ಸಿಗುತ್ತಿತ್ತು. ಪಟೇಲರ ಮನೆಯ ಮಕ್ಕಳು ಹಳದಿ ಬಸ್ಸು ಹತ್ತಿದ ದಿನ ಕೇಳುವವರಿಲ್ಲದಂತಾಯಿತು. ಅನಂತರ ಮಕ್ಕಳ ಸಂಖ್ಯೆ ಇಳಿಯಿತು. ಸಂಖ್ಯೆ ಇಳಿದಂತೆ ಅನುದಾನವೂ ಇಳಿಯುತ್ತದೆ, ಶಿಕ್ಷಕರು "ಹೆಚ್ಚುವರಿ" ಎನಿಸಿಕೊಂಡು ಬೇರೆಡೆಗೆ ಹೋಗುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರವೇ, ಅರುವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿದ್ದರೆ ಸಾಕು. ತರಗತಿಗಳು ಐದು, ಶಿಕ್ಷಕರು ಇಬ್ಬರು. ಅವರಲ್ಲಿ ಒಬ್ಬರು ತರಬೇತಿಗೋ ಚುನಾವಣೆಯ ಕೆಲಸಕ್ಕೋ ಹೋದ ದಿನ ಉಳಿಯುವವರು ಒಬ್ಬರೇ. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ನಿಯೋಜಿಸಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದ್ದು ನಿಮಗೆ ನೆನಪಿರಬಹುದು. ಸಮೀಕ್ಷೆ ಬೇಕೇ ಬೇಡವೇ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಆ ಪಾಠದ ದಿನಗಳನ್ನು ಯಾವ ಮಕ್ಕಳು ತೆತ್ತರು ಎಂಬುದನ್ನಷ್ಟೇ ಗಮನಿಸಿ. ಶುಲ್ಕ ಕೊಡುವ ತಂದೆತಾಯಿಯರ ಮಕ್ಕಳಲ್ಲ.

2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯೊಂದರ ಕಥೆಯ ಚಲನಚಿತ್ರ ಬಂದಾಗ ಎಷ್ಟೊಂದು ಜನ ನೋಡಿದರು! ಥಿಯೇಟರಿನಲ್ಲಿ ನಕ್ಕರು, ಕಣ್ಣೊರೆಸಿಕೊಂಡರು. ಹೊರಗೆ ಬಂದು ತಮ್ಮೂರಿನ ಸರ್ಕಾರಿ ಶಾಲೆಯ ಮುಂದೆಯೇ ಮನೆಗೆ ಹೋದರು. ಕಣ್ಣೀರು ಕರ್ತವ್ಯವಲ್ಲ. ಜಗದ್ಗುರು ಎರಡನೇ ಜಾನ್ ಪಾಲ್ 1987ರಲ್ಲಿ ಒಗ್ಗಟ್ಟಿನ ಸದ್ಗುಣವನ್ನು ವಿವರಿಸುವಾಗ, ಅದು ದೂರದವರ ಕಷ್ಟ ಕಂಡು ಮನ ಕರಗುವ ಭಾವನೆಯಲ್ಲ, ಎಲ್ಲರ ಒಳಿತಿಗೆ ದುಡಿಯುವ ಗಟ್ಟಿ ನಿರ್ಧಾರ ಎಂಬ ಅರ್ಥದಲ್ಲಿ ಹೇಳಿದ್ದು ಇದಕ್ಕೇ.

"ನಮ್ಮ ಶಾಲೆಗಳೇ ಸಾಲವೇ?"

ಇಲ್ಲಿ ಕೆಲವರು ಕೇಳಬಹುದು: "ಧರ್ಮಸಭೆ ಶಿಕ್ಷಣಕ್ಕಾಗಿ ಮಾಡಿರುವುದು ಸಾಲದೇ? ಮತ್ತೇನು ಮಾಡಬೇಕು?" ನ್ಯಾಯವಾದ ಪ್ರಶ್ನೆಯೇ. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಹೋದರಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದರು. 1880ರಲ್ಲಿ ಯೇಸುಸಭೆಯವರು ಸಂತ ಅಲೋಶಿಯಸ್ ಕಾಲೇಜು ಸ್ಥಾಪಿಸಿದರು. 1882ರಲ್ಲಿ ಬೆಂಗಳೂರಿನಲ್ಲಿ ಸಂತ ಜೋಸೆಫರ ಸಂಸ್ಥೆ ಆರಂಭವಾಯಿತು. ದೇವಾಲಯದ ಪಕ್ಕದಲ್ಲೇ ಕನ್ನಡ ಶಾಲೆ ಕಟ್ಟಿದ ಹಿರಿಯ ಗುರುಗಳ ಋಣವನ್ನು ಮರೆಯಲಾದೀತೇ?

ಆದರೆ ಆ ಕನ್ನಡ ಶಾಲೆಗಳ ಇಂದಿನ ಸ್ಥಿತಿಯೇನು? ಅನೇಕ ಕಡೆ ಮಕ್ಕಳಿಲ್ಲದೆ ಬಾಗಿಲು ಮುಚ್ಚುತ್ತಿವೆ. ಅದೇ ಆವರಣದಲ್ಲಿ ಇಂಗ್ಲಿಷ್ ಮಾಧ್ಯಮದ ಕಟ್ಟಡ ಮೇಲೇಳುತ್ತಿದೆ. ಸರ್ಕಾರಿ ಶಾಲೆಯನ್ನು ಬಿಟ್ಟುಹೋದ ಅದೇ ಕಾಲುಗಳು ನಮ್ಮ ಅನುದಾನಿತ ಕನ್ನಡ ಶಾಲೆಯನ್ನೂ ಬಿಟ್ಟುಹೋದವು. ಆದುದರಿಂದ ಇದು ಅವರ ರೋಗ, ನಮ್ಮದಲ್ಲ ಎನ್ನುವಂತಿಲ್ಲ.

ಇನ್ನೊಂದು ವಿಷಯ ಸ್ವಲ್ಪ ಮುಜುಗರದ್ದು; ಆದರೂ ಹೇಳಬೇಕು. ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಶೇಕಡ 25 ಸೀಟು ಮೀಸಲಿಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ಈ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ತೀರ್ಪಿತ್ತದ್ದೂ 2014ರ ಮೇ 6ರಂದೇ. 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಈ ತೀರ್ಪಿನ ಬಗ್ಗೆ ಸಂಶಯ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸುವಂತೆ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಅತ್ತ ಕರ್ನಾಟಕ ಸರ್ಕಾರ 2019ರಲ್ಲಿ ನಿಯಮ ಬದಲಿಸಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟುಗಳನ್ನು ಕೊಡಬೇಕಾಗಿಲ್ಲ ಎಂದಿತು.

ಸಂವಿಧಾನದ 30ನೇ ವಿಧಿ ನಮಗೆ ಕೊಟ್ಟಿರುವ ಹಕ್ಕು ಅಮೂಲ್ಯವಾದುದು, ಅದನ್ನು ಕಾಪಾಡಿಕೊಳ್ಳಲೇಬೇಕು. ಆದರೆ ಕಾನೂನು ಒಂದು ಹೊರೆಯಿಂದ ನಮ್ಮನ್ನು ಬಿಡುಗಡೆ ಮಾಡಿದರೆ ಶುಭಸಂದೇಶವೂ ಬಿಡುಗಡೆ ಮಾಡಿತೆಂದು ಅರ್ಥವಲ್ಲ. ಬಡ ಮಗುವಿಗೆ ಖಾಸಗಿ ಶಾಲೆಯ ಬಾಗಿಲು ಕಿರಿದಾದಷ್ಟೂ ಸರ್ಕಾರಿ ಶಾಲೆಯ ಬಾಗಿಲೇ ಆ ಮಗುವಿನ ಏಕೈಕ ಬಾಗಿಲು. ಆ ಕಿರಿದಾಗುವಿಕೆಯಲ್ಲಿ ನಮ್ಮ ಪಾಲೂ ಇದ್ದರೆ, ಆ ಏಕೈಕ ಬಾಗಿಲಿನ ಬಗ್ಗೆ ನಮ್ಮ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ನನ್ನ ಮಗು ಮೊದಲೋ, ಪರರ ಮಗು ಮೊದಲೋ?

ಒಬ್ಬ ತಾಯಿ ನೇರವಾಗಿಯೇ ಕೇಳಿದರು: "ಸ್ವಾಮಿ, ಸರ್ಕಾರಿ ಶಾಲೆ ಉದ್ಧಾರವಾಗಲೆಂದು ನನ್ನ ಮಗುವಿನ ಭವಿಷ್ಯವನ್ನು ಪಣಕ್ಕಿಡಬೇಕೇ?" ಬೇಡ ಎಂದೇ ನನ್ನ ಉತ್ತರ. ಪ್ರೀತಿಗೆ ಒಂದು ಕ್ರಮವಿದೆ ಎಂದು ಸಂತ ತೋಮಾಸ್ ಅಕ್ವಿನಾಸ್ ಕಲಿಸಿದ್ದಾರೆ. ಹೆತ್ತವರಿಗೆ ಮಕ್ಕಳ ಮೇಲೆ, ಮಕ್ಕಳಿಗೆ ಹೆತ್ತವರ ಮೇಲೆ ವಿಶೇಷವಾದ ಹೊಣೆಯಿದೆ. ಮಗುವನ್ನು ವಾದಕ್ಕಾಗಿ ಬಲಿಕೊಡುವುದು ಸದ್ಗುಣವಲ್ಲ.

ಆದರೆ ಅದೇ ಸಂತರು ಇನ್ನೊಂದು ಮಾತನ್ನೂ ಹೇಳುತ್ತಾರೆ. ಅಪರಿಚಿತನೊಬ್ಬ ತೀರಾ ಸಂಕಟದಲ್ಲಿದ್ದು, ನನ್ನ ತಂದೆಗೆ ಅಂಥ ತುರ್ತು ಇಲ್ಲದಿದ್ದರೆ, ನೆರವು ಮೊದಲು ಆ ಅಪರಿಚಿತನಿಗೇ ಸಲ್ಲಬೇಕು. ಅಂದರೆ ಹತ್ತಿರದವರೆಂಬ ಅಳತೆಗೋಲಿನ ಜೊತೆಗೆ ಅಗತ್ಯವೆಂಬ ಅಳತೆಗೋಲೂ ಇದೆ. ನನ್ನ ಮಗುವಿಗೆ ಶಾಲೆ ಇದೆ, ಪುಸ್ತಕವಿದೆ, ಟ್ಯೂಷನ್ನೂ ಇದೆ. ಅದರ ಮೇಲೆ ಇನ್ನೊಂದು ತರಬೇತಿಯನ್ನು ಸೇರಿಸುವ ಮುನ್ನ, ಗೋಡೆಯಾಚೆಯ ಮಗುವಿಗೆ ಓದಲು ಬರುತ್ತದೆಯೇ ಎಂದು ಕೇಳುವುದು ನನ್ನ ಮಗುವಿಗೆ ಮಾಡುವ ಅನ್ಯಾಯವಲ್ಲ. ಬಹುಶಃ ಆ ಕೇಳುವಿಕೆಯೇ ನನ್ನ ಮಗುವಿಗೆ ಯಾವ ಶಾಲೆಯೂ ಕಲಿಸದ ಪಾಠವಾದೀತು.

ಸಂತ ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಬರುವ ಐಶ್ವರ್ಯವಂತನನ್ನು ನೆನೆಯಿರಿ. ಆತ ಲಾಜರನಿಗೆ ಹೊಡೆಯಲಿಲ್ಲ, ಬೈಯಲಿಲ್ಲ, ಬಾಗಿಲಿನಿಂದ ಓಡಿಸಲೂ ಇಲ್ಲ. ತನ್ನ ಪಾಡಿಗೆ ತಾನು ಉಂಡ, ಉಟ್ಟ. ಬಾಗಿಲಲ್ಲಿ ಬಿದ್ದಿದ್ದವನಿಗಾಗಿ ಏನನ್ನೂ ಮಾಡಲಿಲ್ಲ. ಪ್ರಭು ಯೇಸು ಹೇಳಿದ ಸಾಮತಿಯಲ್ಲಿ ಆತನ ಅಪರಾಧವೆಲ್ಲ ಅಷ್ಟೇ. ಪ್ರತಿ ಪೂಜೆಯ ಆರಂಭದಲ್ಲಿ ನಾವು ಮಾಡಿದ ಪಾಪಗಳನ್ನಷ್ಟೇ ಅಲ್ಲ, ಮಾಡಬೇಕಾಗಿದ್ದು ಮಾಡದೆ ಬಿಟ್ಟದ್ದನ್ನೂ ಒಪ್ಪಿಕೊಳ್ಳುತ್ತೇವೆ. ಎದೆ ಬಡಿದುಕೊಳ್ಳುವಾಗ ಆ ಪಕ್ಕದ ಶಾಲೆ ನಮ್ಮ ನೆನಪಿಗೆ ಬಂದಿದೆಯೇ?

"ತೆರಿಗೆ ಕಟ್ಟುತ್ತೇವೆ, ಅಷ್ಟು ಸಾಲದೇ?" ಎಂಬ ಮಾತೂ ಇದೆ. ತೆರಿಗೆ ಕಟ್ಟುವುದು ನ್ಯಾಯ, ಅದನ್ನು ಕಟ್ಟಲೇಬೇಕು. ಆದರೆ ಕಟ್ಟಿದ ಹಣ ಏನಾಯಿತೆಂದು ಕೇಳುವುದೂ ನ್ಯಾಯದ ಭಾಗವೇ. ಸಂಬಳ ಕೊಟ್ಟು ತೋಟಕ್ಕೆ ಆಳನ್ನಿಟ್ಟವನು ವರ್ಷಕ್ಕೊಮ್ಮೆಯಾದರೂ ತೋಟಕ್ಕೆ ಹೋಗಿ ನೋಡುತ್ತಾನೆ. ನಾವು ಸಂಬಳ ಕೊಟ್ಟು ತೋಟವನ್ನೇ ಮರೆತಿದ್ದೇವೆ.

ನಾವು ಮಾಡಬಹುದಾದ್ದು

ದೊಡ್ಡ ಯೋಜನೆಗಳು ಬೇಡ. ಮೊದಲು, ನಮ್ಮ ಧರ್ಮಕೇಂದ್ರದ ಗಡಿಯೊಳಗಿನ ಸರ್ಕಾರಿ ಶಾಲೆಗಳ ಹೆಸರನ್ನು ಬರೆದುಕೊಳ್ಳೋಣ. ಧರ್ಮಕೇಂದ್ರವೆಂದರೆ ಸಾಮಾನ್ಯವಾಗಿ ಒಂದು ಪ್ರದೇಶ ಎನ್ನುತ್ತದೆ 1983ರ ಧರ್ಮಸಭೆಯ ಕಾನೂನು ಸಂಹಿತೆ. ಆ ಪ್ರದೇಶದ ಮಗು ಯಾವ ಧರ್ಮದ್ದಾದರೂ ನಮ್ಮ ಕಾಳಜಿಯ ಹೊರಗಿನದಲ್ಲ.

ಎರಡನೆಯದಾಗಿ, ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮ ಕುಟುಂಬಗಳನ್ನು ಗುರುತಿಸೋಣ. ಶಾಲಾಭಿವೃದ್ಧಿ ಸಮಿತಿಗೆ ಪೋಷಕರು ಮಾತ್ರ ಆಯ್ಕೆಯಾಗಬಲ್ಲರು. ನಮ್ಮಲ್ಲಿ ಓದುಬರಹ ಬಲ್ಲವರು, ನಿವೃತ್ತ ಶಿಕ್ಷಕರು, ಬ್ಯಾಂಕಿನಲ್ಲಿ ದುಡಿದವರು ಆ ಕುಟುಂಬಗಳ ಪಕ್ಕದಲ್ಲಿ ಕುಳಿತು ನಿಯಮಗಳನ್ನು ತಿಳಿಸಿಕೊಡಬಹುದು, ಅರ್ಜಿ ಬರೆಯಲು ನೆರವಾಗಬಹುದು. ಅವರ ಪರವಾಗಿ ನಾವೇ ಮಾತಾಡುವುದಕ್ಕಿಂತ ಅವರ ದನಿಗೆ ಬಲ ಕೊಡುವುದು ಮೇಲು. ಗ್ರಾಮಸಭೆಯಲ್ಲಂತೂ ಯಾವ ಮತದಾರನೂ ಎದ್ದುನಿಂತು ಶಾಲೆಯ ಬಗ್ಗೆ ಕೇಳಬಹುದು. ದೇವಾಲಯದ ಸಭೆಯಲ್ಲಿ ಧ್ವನಿವರ್ಧಕದ ಖರ್ಚಿಗೆ ಅರ್ಧ ಗಂಟೆ ವಾದಿಸುವ ನಾವು ಗ್ರಾಮಸಭೆಯಲ್ಲಿ ಐದು ನಿಮಿಷ ಮಾತಾಡಬಾರದೇ?

ಮೂರನೆಯದಾಗಿ, ಶಿಕ್ಷಕರನ್ನು ಗೌರವಿಸೋಣ. "ಸರ್ಕಾರಿ ಮೇಷ್ಟ್ರು" ಎಂದು ಮೂಗು ಮುರಿಯುವುದು ಸುಲಭ. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗಿ, ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಸಮೀಕ್ಷೆಯ ಲೆಕ್ಕ ಎಲ್ಲವನ್ನೂ ಬರೆಯುವವರು ಅವರು. ಕೆಲವರು ಕರ್ತವ್ಯಗಳ್ಳರಿರಬಹುದು. ಅಂಥವರು ಧರ್ಮಗುರುಗಳಲ್ಲೂ ಇರುತ್ತಾರೆ. ಒಳ್ಳೆಯ ಶಿಕ್ಷಕಿಗೆ ಊರಿನವರ ಒಂದು ಕೃತಜ್ಞತೆಯ ಮಾತು ಎಷ್ಟು ಬಲ ಕೊಡುತ್ತದೆಂಬುದನ್ನು ಹೇಳಲಾಗದು.

ನಾಲ್ಕನೆಯದಾಗಿ, ಯುವಜನರು ಮತ್ತು ವಿನ್ಸೆಂಟ್ ದೆ ಪಾವ್ಲ್ ಸಭೆಯವರು ವಾರಕ್ಕೆ ಎರಡು ಸಂಜೆ ಮಕ್ಕಳಿಗೆ ಓದಲು ಕಲಿಸಬಹುದು. ಮೂರನೇ ತರಗತಿಯ ಮಗುವಿಗೆ ಎರಡನೇ ತರಗತಿಯ ಪಾಠ ಓದಲು ಕಲಿಸುವುದಕ್ಕೆ ಬಿ.ಎಡ್. ಬೇಕಿಲ್ಲ, ತಾಳ್ಮೆ ಬೇಕು. ಆದರೆ ಒಂದು ಎಚ್ಚರಿಕೆ: ಮುಖ್ಯೋಪಾಧ್ಯಾಯರ ಒಪ್ಪಿಗೆಯಿಂದ, ಪೋಷಕರಿಗೆ ತಿಳಿಸಿ, ಬಾಗಿಲು ತೆರೆದಿಟ್ಟು ಮಾಡಿ. ಅಲ್ಲಿಗೆ ನಾಗರಿಕರಾಗಿ ಹೋಗಿ. ಪ್ರಾರ್ಥನೆಯ ಪುಸ್ತಕವನ್ನಾಗಲಿ ಪವಿತ್ರ ಚಿತ್ರವನ್ನಾಗಲಿ ಕೊಂಡೊಯ್ಯಬೇಡಿ. ಸುತ್ತಲಿನವರಿಗೆ ಅನುಮಾನ ಬಂದೀತೆಂಬ ಕಾರಣಕ್ಕೆ ಮಾತ್ರ ಈ ಮಾತನ್ನು ಹೇಳುತ್ತಿಲ್ಲ. ಏನನ್ನೋ ಪಡೆಯಲು ಕೊಟ್ಟದ್ದು ದಾನವಾಗದು. ಗಾಯಗೊಂಡವನ ಧರ್ಮ ಯಾವುದೆಂದು ಆ ಒಳ್ಳೆಯ ಸಮಾರಿಯದವನು ಕೇಳಲಿಲ್ಲ, ತನ್ನ ಧರ್ಮಕ್ಕೂ ಕರೆಯಲಿಲ್ಲ.

ಇಷ್ಟು ಮಾಡಿದರೆ ಎಲ್ಲವೂ ಸರಿಹೋಗುತ್ತದೆಯೇ? ಇಲ್ಲ. ಖಾಲಿ ಹುದ್ದೆಗಳನ್ನು ನಾವು ತುಂಬಲಾರೆವು, ಕೊಠಡಿಗಳನ್ನು ಕಟ್ಟಿಸಲಾರೆವು. ಅದು ಸರ್ಕಾರದ ಕೆಲಸ, ಅದನ್ನು ಸರ್ಕಾರದಿಂದಲೇ ಕೇಳಿ ಮಾಡಿಸಬೇಕು. ಉನ್ನತ ಅಧಿಕಾರಿಗಳ ಮಕ್ಕಳೂ ಸರ್ಕಾರಿ ಶಾಲೆಯಲ್ಲೇ ಓದಬೇಕೆಂದು 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಆದೇಶಿಸಿತ್ತು. ಆ ಆದೇಶ ಮಾತಾಗಿಯೇ ಉಳಿಯಿತು. ಕಾಳಜಿಯನ್ನು ಆದೇಶದಿಂದ ಹುಟ್ಟಿಸಲಾಗದು. ಅದು ಮನೆಯಲ್ಲಿ, ಊಟದ ಸಮಯದ ಮಾತುಕತೆಯಲ್ಲಿ, ಮಕ್ಕಳ ಎದುರು ನಾವಾಡುವ ಮಾತಿನಲ್ಲಿ ಹುಟ್ಟಬೇಕು.

ಬಾಬಿಲೋನಿಗೆ ಸೆರೆಯಾಗಿ ಹೋಗಿದ್ದ ಜನರಿಗೆ ಪ್ರವಾದಿ ಯೆರೆಮೀಯನು ಪತ್ರ ಬರೆದು, ನೀವು ವಾಸವಾಗಿರುವ ಆ ಪರರ ನಗರದ ಕ್ಷೇಮಕ್ಕಾಗಿಯೇ ದುಡಿಯಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವೂ ಇದೆ ಎಂಬ ಬುದ್ಧಿ ಹೇಳಿದ್ದನು. ಅವರಿಗೆ ಅದು ಪರರ ನಗರವಾಗಿತ್ತು. ನಮಗಾದರೋ ಇದು ನಮ್ಮದೇ ಊರು, ನಮ್ಮದೇ ಮಕ್ಕಳು. ಇಂದು ಆ ಶಾಲೆಯ ಬೆಂಚಿನಲ್ಲಿ ಅಕ್ಷರ ಬಾರದೆ ತಲೆತಗ್ಗಿಸಿ ಕುಳಿತಿರುವ ಮಗು, ನಾಳೆ ನಮ್ಮ ಮಕ್ಕಳೊಂದಿಗೆ ಇದೇ ಊರಿನಲ್ಲಿ ಬಾಳಬೇಕಾದ ಮಗು.

ಕುಟುಂಬದಲ್ಲಿ ಚಿಂತಿಸಲು:

1. ನಮ್ಮ ಮನೆಗೆ ಅತಿ ಹತ್ತಿರದ ಸರ್ಕಾರಿ ಶಾಲೆ ಯಾವುದು? ಅಲ್ಲಿನ ಒಬ್ಬ ಶಿಕ್ಷಕರ ಹೆಸರಾದರೂ ನಮಗೆ ಗೊತ್ತೇ?

2. ಮಕ್ಕಳ ಎದುರು ಆ ಶಾಲೆಯ ಬಗ್ಗೆ, ಅಲ್ಲಿ ಓದುವವರ ಬಗ್ಗೆ ನಾವು ಹೇಗೆ ಮಾತಾಡುತ್ತೇವೆ?

3. ಈ ವರ್ಷ ನಮ್ಮ ಮಗುವಿನ ವಿದ್ಯೆಗೆ ಖರ್ಚು ಮಾಡುವ ಹಣದಲ್ಲಿ, ಸಮಯದಲ್ಲಿ, ಇನ್ನೊಂದು ಮಗುವಿಗೆ ಎಷ್ಟು ಪಾಲು ಕೊಡಬಲ್ಲೆವು?